ಪಟ್ಟಿಯ ಇನ್ನೊಂದು ಸುತ್ತು

ಅವನ ಕೈಗೆ ಪಟ್ಟಿ ಸುತ್ತುವಾಗ ಅವಳು ಮುಖ ನೋಡುತ್ತಿರಲಿಲ್ಲ. ನೋಡಿದರೆ ಸುತ್ತು ತಪ್ಪುತ್ತಿತ್ತು. ಅವಳು ಬಾಕ್ಸಿಂಗ್ ಹಾಲ್‌ನ ಫಿಸಿಯೋ. ಅವನು ಅಲ್ಲಿ ಮಕ್ಕಳಿಗೆ ಕಲಿಸುವ ಮೇಷ್ಟ್ರು, ತಾನೂ ಪಂದ್ಯ ಆಡುವವನು. ಅವಳನ್ನು ಡಾಕ್ಟ್ರೇ ಎಂದು ಛೇಡಿಸುವುದು ಅವನ ಚಾಳಿ.

"ಏನ್ ಡಾಕ್ಟ್ರೇ, ಇವತ್ತು ನನ್ ಕೈ ಬಿಡೋ ಹಾಗೆ ಕಾಣಲ್ಲ?"

"ಸುಮ್ನಿರಿ ಮೇಷ್ಟ್ರೇ. ಸಡಿಲ ಕಟ್ಟಿದ್ರೆ ಬೆರಳು ಮುರ್ಕೊಳ್ತೀರಿ."

ಅವನು ನಕ್ಕ. ಕೆನ್ನೆಯ ಗುಳಿ ಎಂದಿಗಿಂತ ಆಳವಾಗಿತ್ತು. ಚೆಂದ ಎನಿಸಿತು, ಮರುಕ್ಷಣವೇ ಹೆದರಿಕೆಯಾಯಿತು. ಮಣಿಕಟ್ಟಿನ ಮೇಲೆ ಮುಗಿಯಬೇಕಾದ ಪಟ್ಟಿ ಮುಗಿಯದೆ ಇನ್ನೊಂದು ಸುತ್ತು ಬಂತು. ಪಟ್ಟಿ ಹಳೆಯದೇ. ಸಣ್ಣಗಾದದ್ದು ಕೈ.

ನಾಳೆ ಪಂದ್ಯಕ್ಕೆ ತೂಕ ನೋಡುತ್ತಾರೆ. ಕೆಳಗಿನ ತೂಕದಲ್ಲಿ ಆಡಿದರೆ ಗೆಲುವು ಸಲೀಸು ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಅಂದಿನಿಂದ ಉರಿಬಿಸಿಲಲ್ಲೂ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುತ್ತಿದ್ದ. ಕಿಟಕಿಯಲ್ಲಿ ಒಂದು ಬಾಟಲಿ ಇಟ್ಟುಕೊಂಡಿದ್ದ. ಕುಡಿಯಲಿಕ್ಕಲ್ಲ, ಉಗುಳಿ ಉಗುಳಿ ಮೈಯ ನೀರು ಇಳಿಸಲಿಕ್ಕೆ.

"ಊಟ ಮಾಡಿದ್ದು ಯಾವಾಗ?"

"ನಿಮ್ಮನ್ನ ನೋಡಿದ್ರೇ ಹೊಟ್ಟೆ ತುಂಬುತ್ತೆ."

ಬೇರೆ ದಿನವಾಗಿದ್ದರೆ ಅವಳು ನಾಚುತ್ತಿದ್ದಳು. ಈಗ ಹೆಬ್ಬೆರಳಿನ ಕೆಳಗೆ ಅವನ ನಾಡಿ ಓಡುತ್ತಿತ್ತು, ಎಡವುತ್ತಿತ್ತು, ಮತ್ತೆ ಓಡುತ್ತಿತ್ತು.

ತೆರೆದ ಬಾಗಿಲಾಚೆ ಮಕ್ಕಳು ಸಾಲಾಗಿ ಕೂತಿದ್ದರು. ತಿಂದು ಬಂದವರಿಗೆ ಮಾತ್ರ ಗ್ಲೌಸ್ ಎಂದು ಕಟ್ಟಳೆ ಮಾಡಿದವನೇ ಅವನು. ಇವತ್ತು ಒಂದು ಊಟದ ಡಬ್ಬಿಯೂ ತೆರೆದಿರಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಬಾಟಲಿಗೆ ಉಗುಳುತ್ತಿದ್ದಳು.

"ಏನೇ ಅದು?" ಎಂದು ಇವಳು ಕೂಗಿದಳು.

"ಮೇಷ್ಟ್ರು ಮಾಡ್ತಾರಲ್ಲ ಅಕ್ಕಾ. ಹೀಗ್ ಮಾಡಿದ್ರೆ ಚಾಂಪಿಯನ್ ಆಗ್ತಾರೆ."

ಅವನ ನಗು ನಿಂತುಹೋಯಿತು. ಎದ್ದವನು ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದ. ಅವಳು ಅವನನ್ನು ಕೂರಿಸಿ, ಕಟ್ಟಿದ ಪಟ್ಟಿಯನ್ನೆಲ್ಲ ಬಿಚ್ಚತೊಡಗಿದಳು.

"ಯಾಕೆ ಬಿಚ್ತೀರಿ?"

"ತಿನ್ನದೋರಿಗೆ ಗ್ಲೌಸ್ ಇಲ್ಲ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂತಾರೆ. ನೀವು ಬದನೇಕಾಯಿನೂ ತಿನ್ನಲ್ಲ!" ಅವಳು ಕೊನೆಯ ಸುತ್ತು ಬಿಚ್ಚಿ ಎಸೆದಳು. "ನಂಗೆ ನಿಮ್ ಪದಕ ಬೇಡ. ನೀವು ಬೇಕು. ಜೀವಂತವಾಗಿ ಬೇಕು."

ಅವನು ಕಿಟಕಿಯ ಬಾಟಲಿಯತ್ತ ನೋಡಿದ.

"ತಿಂದ್ರೆ ತೂಕ ತಪ್ಪುತ್ತೆ. ಮೇಲಿನ ತೂಕದಲ್ಲಿ ಸೋಲ್ತೀನಿ."

"ಸೋತು ಮನೆಗೆ ಬನ್ನಿ."

"ಯಾರ ಮನೆಗೆ?"

"ಗೊತ್ತಿದ್ದೂ ಕೇಳ್ಬೇಡಿ. ಮೊದಲು ನೀರು ಕುಡೀರಿ. ಆಮೇಲೆ ನಿಜವಾದ ಡಾಕ್ಟ್ರ ಹತ್ರ ಹೋಗೋಣ, ಇವತ್ತೇ."

ಅವಳು ಕೊಟ್ಟ ನೀರನ್ನು ಗುಟುಕು ಗುಟುಕಾಗಿ ಕುಡಿದು, ಅವಳ ಹೆಗಲು ಹಿಡಿದು ಹೊರಗೆ ಬಂದ. ಹುಡುಗಿಯ ಬಾಟಲಿ ಕಸಿದು ಚರಂಡಿಗೆ ಚೆಲ್ಲಿ, ಮಕ್ಕಳ ಸಾಲಿನಲ್ಲೇ ಕುಸಿದು ಕೂತ.

"ಎಲ್ಲರೂ ಡಬ್ಬಿ ತೆಗೀರಿ. ನಾನು ಮಾಡಿದ್ದು ತಪ್ಪು."

ಹುಡುಗಿ ಬೇಯಿಸಿದ ಮೊಟ್ಟೆ ಕೊಟ್ಟಳು. ಮೊದಲ ತುತ್ತು ಗಂಟಲಲ್ಲಿ ಇಳಿಯಲೇ ಇಲ್ಲ. ಮಕ್ಕಳೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಗೂ ನುಂಗಿದ. ಒಂದೊಂದಾಗಿ ಡಬ್ಬಿಗಳು ತೆರೆದುಕೊಂಡವು. ಅವಳು ಪಕ್ಕದಲ್ಲೇ ಕೂತು ಅವನ ಮಣಿಕಟ್ಟು ಹಿಡಿದಳು.

"ಡಾಕ್ಟ್ರೇ, ಈಗ್ಲಾದ್ರೂ ಕೈ ಬಿಡ್ತೀರಾ?"

"ಇಲ್ಲ," ಎಂದಳು. ಅವಳ ಹೆಬ್ಬೆರಳಿನ ಕೆಳಗೆ ನಾಡಿ ಇನ್ನೂ ಎಡವುತ್ತಲೇ ಇತ್ತು.