ಬಂಡೆಗೆ ಮುಖ ಮಾಡಿ

ಇದು ನಡೆದದ್ದು ನಡುಹಗಲಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ. ಹೊರಗಿನವರು ಅಷ್ಟಾಗಿ ಕಾಲಿಡದ ಬೆಟ್ಟಸಾಲು ಅದು. ಕಾಡುಹೂಗಳ ಚಿತ್ರ ಬರೆಯುವ ತಂಗಿಯ ಹಟಕ್ಕೆ ಕಟ್ಟುಬಿದ್ದು ನಾನೂ ಹೋಗಿದ್ದೆ. ದಾರಿ ತೋರಿಸಲು ಅಲ್ಲಿಯ ಕಂಬಳಿ ನೇಯುವವನೊಬ್ಬ ಜೊತೆಗಿದ್ದ.

ಒಂದು ಕಡೆ ಕಮರಿ, ಇನ್ನೊಂದು ಕಡೆ ಬಂಡೆ. ನಡುವೆ ಇಬ್ಬರು ನಡೆಯುವಷ್ಟೇ ದಾರಿ. ಇದ್ದಕ್ಕಿದ್ದಂತೆ ಅವನು ಬಂಡೆಗೆ ಮುಖ ಒತ್ತಿ ನಿಂತ.

"ದಾರಿ ಬಿಡಿ, ಹೊರೆ ಹೊತ್ತೋರು ಬರ್ತಿದ್ದಾರೆ. ತಿರುಗಿ ನೋಡ್ಬೇಡಿ."

ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಇವನಿಗೆ ಬಿಸಿಲು ತಲೆಗೇರಿದೆ ಅಣ್ಣಾ," ಎಂದು ತಂಗಿ ಪಿಸುಗುಟ್ಟಿ ನಕ್ಕಳು. ಆದರೂ ಅವನಂತೆಯೇ ಬಂಡೆಗೆ ಮುಖ ಮಾಡಿ ನಿಂತೆವು. ಬೆನ್ನ ಹಿಂದೆ ಬರಿಗಾಲುಗಳ ಸದ್ದು ಬಂತು, ಏದುಸಿರು ಬಂತು, ಒದ್ದೆ ಉಣ್ಣೆಯ ವಾಸನೆ ಬಂತು. ಬಿಸಿಲಿಗೆ ಕಾದಿದ್ದ ಬಂಡೆ ನನ್ನ ಕೆನ್ನೆಯಡಿ ತಣ್ಣಗಾಯಿತು. ಕೊನೆಯ ಹೆಜ್ಜೆಗಳು ತಂಗಿಯ ಹಿಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದೆ ಹೋದವು.

"ಯಾರೋ ಕಿವಿಯಲ್ಲಿ ಹೆಸರು ಕೇಳಿದ್ರು," ಎಂದಳು ತಂಗಿ. ಅವಳ ನಗು ಆರಿಹೋಗಿತ್ತು.

ನೇಯುವವನು ಬೆಚ್ಚಿಬಿದ್ದ. "ಹೇಳ್ಬಿಟ್ರೇನಮ್ಮಾ?"

"ನಂದಲ್ಲ. ಪಕ್ಕದಲ್ಲಿರೋದು ಯಾರು ಅಂದ್ರು. ಅಣ್ಣನ ಹೆಸರು ಬಾಯಿಗೆ ಬಂದ್ಬಿಡ್ತು."

ಅವನು ನನ್ನ ಮುಖ ನೋಡಲಿಲ್ಲ. "ಯಾರು ಕರೆದ್ರೂ ಓಗೊಡಬೇಡಿ ಸ್ವಾಮಿ. ಬೇಗ ಇಳೀರಿ," ಎಂದಷ್ಟೇ ಹೇಳಿದ.

ತಂಗಿಯ ಕೈ ಹಿಡಿದು ಅವನ ಹಿಂದೆಯೇ ಇಳಿದೆ. ಊರು ಕಾಣುವ ತಿರುವಿಗೆ ಬಂದಾಗ, ಮೇಲಿನಿಂದ ಯಾರೋ ನನ್ನನ್ನು ಹೆಸರು ಹಿಡಿದು ಕರೆದರು. ತುಟಿ ಕಚ್ಚಿಕೊಂಡು ಸುಮ್ಮನಿದ್ದೆ.

"ಬಂದೆ," ಎಂದು ಮೇಲಿನಿಂದಲೇ ಉತ್ತರ ಬಂತು. ಅದು ನನ್ನದೇ ದನಿ. ಮೂವರಿಗೂ ಕೇಳಿಸಿತು.