ಮುಚ್ಚಳಿಕೆ ಬರೆಯದವನು

"ಇನ್ನು ಮುಂದೆ ಆ ಕಾರ್ಖಾನೆ ಹತ್ತಿರ ಸುಳಿಯಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ. ಈಗಲೇ ಮನೆಗೆ ಹೋಗಬಹುದು," ಎಂದರು ನ್ಯಾಯಾಧೀಶರು.

ಕಟಕಟೆಯಲ್ಲಿ ನಿಂತಿದ್ದವನು ಬೀಗ ರಿಪೇರಿ ಮಾಡುವವನು. ಮದ್ದುಗುಂಡು ಕಾರ್ಖಾನೆಯೊಳಗೆ ಹೋಗಿ, ಯುದ್ಧಕ್ಕೆ ಹೊರಟ ಲಾರಿಗಳಿಗೆ ಅಡ್ಡ ಕೂತು ಪ್ರಾರ್ಥನೆ ಮಾಡಿದ್ದ. ಗೇಟಿನ ಬೀಗ ಮುರಿದನೆಂಬ ಆರೋಪವೂ ಇತ್ತು.

"ಬೀಗ ನಾನು ಮುಟ್ಟಿಲ್ಲ ಸ್ವಾಮಿ. ಕೂತಿದ್ದು ನಿಜ. ಕೊಲ್ಲಬೇಡ ಅಂತ ದೇವರು ಹೇಳಿರುವಾಗ, ಇನ್ನು ಹೋಗಲ್ಲ ಅಂತ ಹೇಗೆ ಬರೆಯಲಿ?"

ಅವನ ಮಾತನ್ನು ಟೈಪ್ ಮಾಡುತ್ತಿದ್ದ ಕೋರ್ಟಿನ ಟೈಪಿಸ್ಟಳ ಬೆರಳುಗಳು ಹಾಗೇ ನಿಂತವು.

ಅವಳ ಅಣ್ಣ ಯುದ್ಧಕ್ಕೆ ಹೋಗಿದ್ದ. ಅವನ ಪತ್ರ ಬಂದು ಎರಡು ತಿಂಗಳಾಗಿತ್ತು.

ಪೊಲೀಸರು ಬೀಗದವನನ್ನು ಹೊರಗೆ ಕರೆತಂದಾಗ ಅವಳು ಕಾರಿಡಾರಿನಲ್ಲೇ ಅಡ್ಡ ನಿಂತಳು.

"ನೀವು ತಡೆದ ಲಾರಿಯ ಗುಂಡು ನನ್ನಣ್ಣನ ಕೈಗೆ ಸಿಗದೇ ಹೋದ್ರೆ? ಅವನ ಗತಿ ಏನು?"

ಅವನು ಅವಳತ್ತ ತಿರುಗಿ ಕೈಮುಗಿದ.

"ನಿಮ್ಮ ಭಯ ನಿಜಾನೇ... ಅವರಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ."

"ನಿಮ್ಮ ಪ್ರಾರ್ಥನೆ ನೀವೇ ಇಟ್ಕೊಳ್ಳಿ."

ಅವನಿಗೆ ಒಂದೂವರೆ ವರ್ಷ ಜೈಲಾಯಿತು. ತೀರ್ಪನ್ನು ಟೈಪ್ ಮಾಡಿದವಳೂ ಅವಳೇ. ಆದರೆ ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಮಾತೇ ಕಾಡಿತು. 'ಎದುರುತ್ತರ ಕೊಟ್ಟಿದ್ದರೂ ಆಗುತ್ತಿತ್ತು... ಅಷ್ಟು ಮೆತ್ತಗೆ ಯಾಕೆ ಮಾತಾಡಿದ?'

ಮುಂದಿನ ತಿಂಗಳು ಅಣ್ಣ ಊರುಗೋಲು ಹಿಡಿದು ಮನೆಗೆ ಬಂದ. ಅಮ್ಮ ಅವನ ಮೈದಡವಿ ಅತ್ತಳು. ಒಂದು ಮಧ್ಯಾಹ್ನ ತಂಗಿ ಬೀಗದವನ ಮೇಲಿನ ಸಿಟ್ಟನ್ನೆಲ್ಲ ಅಣ್ಣನ ಮುಂದೆ ತೋಡಿಕೊಂಡಳು.

ಅಣ್ಣ ಕಿಟಕಿಯಾಚೆ ನೋಡುತ್ತಿದ್ದ.

"ನಾವು ಹಾರಿಸಿದ ಗುಂಡು ಒಂದು ಮನೆ ಮೇಲೆ ಬಿತ್ತು ಕಣೇ. ಬೆಳಿಗ್ಗೆ ಅದರ ಮುಂದೇನೇ ನಡ್ಕೊಂಡು ಹೋದ್ವಿ. ಹಗ್ಗದ ಮೇಲೆ ಚಿಕ್ಕ ಚಿಕ್ಕ ಬಟ್ಟೆ ಒಣಗ್ತಿತ್ತು... ಆ ಗುಂಡು ತಂದ ಲಾರೀನ ಯಾರಾದ್ರೂ ತಡೆದಿದ್ರೆ ಅಂತ ನನಗೂ ಅನ್ನಿಸ್ತು. ಹೋಗು, ಅವನನ್ನ ನೋಡ್ಕೊಂಡು ಬಾ."

ಜೈಲಿನ ಜಾಲರಿಯ ಆಚೆ ಅವನು ಸೊರಗಿಹೋಗಿದ್ದ.

"ನನ್ನಣ್ಣ ಬಂದ," ಎಂದಳು.

"ಸದ್ಯ..." ಅವನು ಕಣ್ಣೊರೆಸಿಕೊಂಡ. "ಅವರ ಹೆಸರು ಗೊತ್ತಿರಲಿಲ್ಲ. ಟೈಪಿಸ್ಟಮ್ಮನ ಅಣ್ಣನ್ನ ಕಾಪಾಡಪ್ಪ ಅಂತಲೇ ಬೇಡ್ಕೋತಿದ್ದೆ. ದೇವರಿಗೆ ಅರ್ಥ ಆಗುತ್ತಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಅಂದಿನಿಂದ ಪ್ರತಿ ಶನಿವಾರ ಹೋದಳು. ಆಫೀಸಿನಲ್ಲಿ ಗುಸುಗುಸು ಶುರುವಾಯಿತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಮೇಲ್ಮನವಿಗೆಂದು ಹಳೆಯ ಸಾಕ್ಷಿ ಹೇಳಿಕೆಗಳನ್ನು ಪ್ರತಿ ಮಾಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಕಾರ್ಖಾನೆಯ ಕಾವಲುಗಾರ ಹೇಳಿದ್ದ: 'ಲಾರಿ ಹೊರಡುವ ಹೊತ್ತಾಗಿತ್ತು, ಬೀಗ ನಾನೇ ತೆಗೆದಿದ್ದೆ.' ತೀರ್ಪಿನಲ್ಲಿ ಅದರ ಸುಳಿವೇ ಇರಲಿಲ್ಲ.

ಪ್ರತಿ ಒಯ್ಯಲು ಬಂದ ಅವನ ವಕೀಲರನ್ನು ಅವಳು ಕೇಳಿದ್ದು ಇಷ್ಟೇ: "ಹನ್ನೊಂದನೇ ಪುಟ ಓದಿದ್ರಾ ಸರ್?"

ಮೇಲಿನ ಕೋರ್ಟು ಬೀಗದ ಆರೋಪ ಕೈಬಿಟ್ಟಿತು. ಒಳಗೆ ನುಗ್ಗಿದ ತಪ್ಪಿಗೆ ಈಗಾಗಲೇ ಕಳೆದ ಏಳು ತಿಂಗಳೇ ಸಾಕು ಎಂದಿತು. ಸುದ್ದಿ ಕೇಳಿದವಳೇ ಅಣ್ಣನಿಗೆ ಹೇಳಲು ಮನೆಗೆ ಓಡಿದಳು. ಎದೆ ಮೇಲಿನ ಬಂಡೆ ಇಳಿಸಿದ ಹಾಗಿತ್ತು.

ಬಿಡುಗಡೆಯ ದಿನ ಜೈಲಿನ ಹೊರಗೆ ಅವಳೊಬ್ಬಳೇ ಕಾದಿದ್ದಳು. ಅವನು ಬಂದು ಎದುರು ನಿಂತ.

"ಒಂದು ಕೇಳ್ತೀನಿ, ನಿಜ ಹೇಳಿ," ಎಂದಳು. "ಮತ್ತೆ ಆ ಗೇಟಿಗೆ ಹೋಗ್ತೀರಾ?"

"ಯುದ್ಧ ನಿಲ್ಲದೇ ಇದ್ರೆ ಹೋಗ್ತೀನಿ. ನಿಮ್ಮ ಹತ್ರ ಸುಳ್ಳು ಹೇಳೋಕಾಗಲ್ಲ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ... ಅದೂ ನಿಜ."

ಅವಳು ಅವನ ಕೈಯಿಂದ ಬಟ್ಟೆಯ ಗಂಟನ್ನು ತೆಗೆದುಕೊಂಡಳು.

"ಹೋಗ್ತೀನಿ ಅನ್ನಬೇಡಿ."

"ಮತ್ತೆ ಏನನ್ನಲಿ?"

"ಹೋಗಿ ಬರ್ತೀನಿ ಅನ್ನಿ. ನಾನು ಕಾದಿರ್ತೀನಿ."