ಫೈಲಿನಲ್ಲಿಲ್ಲದ ಸಾಲು

ನನ್ನಾಕೆ ತನ್ನ ಬ್ಲಾಗಿನ ಬರಹಗಳನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುತ್ತಿದ್ದಳು. ಅವನ್ನು ವೆಬ್ ಪುಟ ಮಾಡಿ ಹಾಕುವ ಕೆಲಸ ನನ್ನದು. ಫೈಲಿನಲ್ಲಿ ಇಲ್ಲದ್ದು ಪುಟದಲ್ಲಿ ಬರುವುದಿಲ್ಲ. ಅವಳು ತೀರಿಕೊಂಡ ಮೇಲೆ, ಅರ್ಧಕ್ಕೇ ನಿಂತಿದ್ದ ಕೊನೆಯ ಬರಹವನ್ನು ಒಂದಕ್ಷರವೂ ಮುಟ್ಟದೆ ಹಾಕಿದೆ. ಪರದೆ ಎಳೆದ ಕೋಣೆಯಲ್ಲಿ ಅವಳ ಕುರ್ಚಿ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು.

ಸಂಜೆ ಮಗಳು ಫೋನ್ ಮಾಡಿದಳು. “ಅಪ್ಪಾ, ಕೊನೇ ಸಾಲು ನೀನು ಸೇರಿಸಿದ್ದಾ?”

“ಯಾವ ಸಾಲು?”

“‘ಇವರು ಇನ್ನೂ ಊಟ ಮಾಡಿಲ್ಲ’ ಅಂತಿದೆಯಲ್ಲ.”

ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಫೈಲು ತೆರೆದು ನೋಡಿದೆ. ಆ ಸಾಲು ಇರಲಿಲ್ಲ. ಪುಟದಲ್ಲಿ ಇತ್ತು.

ಅಡುಗೆಮನೆಗೆ ಹೋಗಿ, ನಿಂತುಕೊಂಡೇ ನಾಲ್ಕು ತುತ್ತು ಉಂಡು ಬಂದೆ. ಅಷ್ಟರಲ್ಲಿ ಸಾಲು ಅಳಿಸಿಹೋಗಿತ್ತು, ಕುರ್ಚಿ ತಣ್ಣಗಾಗಿತ್ತು.

ಆಮೇಲೆ ಎಷ್ಟೋ ದಿನ ಉಪವಾಸ ಕೂತು ನೋಡಿದ್ದೇನೆ. ಅದು ಮತ್ತೆ ಬಂದಿಲ್ಲ.